ರಾಡ್ ಅಂಟುತ್ತದೆ, ಕರೆಂಟ್ ಏರಿಸಿದರೆ ಪೈಪ್ ತೂತಾಗುತ್ತದೆ

ನಿಗಡಿ ಟೆರೇಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರು ಗದಗ, ಇರುವುದು ಪುಣೆಯ ನಿಗಡಿಯಲ್ಲಿ. ಕೆಲಸ ಕಂಪ್ಯೂಟರ್ ಮುಂದೆ, ಆಸೆ ಮಾತ್ರ ಕಬ್ಬಿಣದ ಮೇಲೆ. ಹೋದ ದೀಪಾವಳಿಗೆ 200 ಆಂಪಿಯರಿನ ಇನ್ವರ್ಟರ್ ವೆಲ್ಡಿಂಗ್ ಮಷೀನ್ ಕೊಂಡೆ. ಕೈಗೆತ್ತಿಕೊಂಡಿದ್ದು ಈಗ, ಮಳೆಗಾಲದಲ್ಲಿ.

ಅಮ್ಮನ ತುಳಸಿ, ಕರಿಬೇವು, ಮಲ್ಲಿಗೆ ಕುಂಡಗಳಿಗೆ ಟೆರೇಸಿನಲ್ಲಿ ಒಂದು ಸ್ಟ್ಯಾಂಡ್ ಮಾಡಬೇಕು. 25 ಮಿ.ಮೀ. ಚೌಕ ಪೈಪ್, 16 ಗೇಜ್. ಮೇಲಿನ ಫ್ರೇಮ್ ಉದ್ದ 900 ಮಿ.ಮೀ., ಅಗಲ 600. ವೆಲ್ಡಿಂಗ್ ರಾಡ್ 6013 ನಂಬರಿನದು, ದಪ್ಪ 2.5 ಮಿ.ಮೀ.

70 ಆಂಪಿಯರ್‌ಗೆ ಇಟ್ಟರೆ ರಾಡ್ ಪೈಪಿಗೆ ಅಂಟಿಕೊಂಡು ಕೆಂಪಗಾಗುತ್ತದೆ. 100ಕ್ಕೆ ಏರಿಸಿದೆ. ಹೊತ್ತಿತು, ಆದರೆ ಮೂಲೆಯಲ್ಲಿ ಕಿರುಬೆರಳು ತೂರುವಷ್ಟು ತೂತು ಬಿತ್ತು. ತುಂಬಲು ಹೋದರೆ ಅದು ಇನ್ನೂ ದೊಡ್ಡದಾಯಿತು. ಫ್ರೇಮ್ ನೆಲದ ಮೇಲಿಟ್ಟರೆ ಒಂದು ಮೂಲೆ ಒಂದು ಸೆಂಟಿಮೀಟರ್ ಮೇಲೇಳುತ್ತದೆ. ಹತ್ತಿರದ ಫ್ಯಾಬ್ರಿಕೇಶನ್ ಅಂಗಡಿಯವರು, ಬಿಟ್ಟು ಹೋಗಿ, ನಾವೇ ಮಾಡಿಕೊಡುತ್ತೇವೆ ಅಂದರು. ನನಗೆ ನಾನೇ ಮಾಡಬೇಕು. ಎಲ್ಲಿ ತಪ್ಪುತ್ತಿದ್ದೇನೆ?

ಭೋಸರಿ ಫಿಟ್ಟರ್:

ತಮ್ಮಾ, ಮೊದಲು ಮೂರು ವಿಷಯ ಹೇಳು. ಅರ್ಥ್ ಕ್ಲ್ಯಾಂಪ್, ಅಂದರೆ ಕರೆಂಟ್ ಮಷೀನಿಗೆ ವಾಪಸ್ಸು ಹೋಗುವ ಕೇಬಲಿನ ಹಿಡಿಕೆ, ಎಲ್ಲಿ ಹಾಕಿದ್ದಿ? ರಾಡಿನ ಪ್ಯಾಕೆಟ್ ಎಲ್ಲಿಟ್ಟಿದ್ದಿ? ಮೂಲೆ ಹೇಗೆ ಕತ್ತರಿಸಿದಿ, ಜೋಡಿಸಿದಾಗ ಸಂದು ಎಷ್ಟಿತ್ತು?

ನಿಗಡಿ ಟೆರೇಸ್:

ಕಾಕಾ, ಕ್ಲ್ಯಾಂಪ್ ಪೈಪಿಗೇ ಹಾಕಿದ್ದೆ, ರೆಡ್ ಆಕ್ಸೈಡ್ ಬಳಿದ ಕಡೆ. ರಾಡ್ ಪ್ಯಾಕೆಟ್ ಒಡೆದು ಟೆರೇಸಿನ ಶೆಡ್ಡಿನಲ್ಲಿ ಎರಡು ತಿಂಗಳಾಯಿತು. ಮೂಲೆ 45 ಡಿಗ್ರಿಗೆ, 4 ಇಂಚಿನ ಗ್ರೈಂಡರಿನಲ್ಲಿ, ಕೈಯಲ್ಲೇ ಹಿಡಿದು ಕತ್ತರಿಸಿದ್ದು. ಸಂದು ಒಂದು ಕಡೆ ಇರಲಿಲ್ಲ, ಇನ್ನೊಂದು ಕಡೆ ಸುಮಾರು 3 ಮಿ.ಮೀ.

ಭೋಸರಿ ಫಿಟ್ಟರ್:

ಹಾಗಾದರೆ ನಿನ್ನ ಕೈ ಕೆಟ್ಟಿಲ್ಲ. ಮಷೀನೂ ಕೆಟ್ಟಿಲ್ಲ. ಎರಡು ಬೇರೆ ಬೇರೆ ರೋಗಕ್ಕೆ ನೀನು ಒಂದೇ ಔಷಧಿ ಕೊಟ್ಟೆ, ಕರೆಂಟ್. ಇಲ್ಲಿನ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 31 ವರ್ಷ ಫಿಟ್ಟರ್ ಕೆಲಸ ಮಾಡಿದ್ದೇನೆ. ಹೊಸ ಹುಡುಗರೆಲ್ಲ ಕೈ ಹಾಕುವುದು ಮೊದಲು ಆ ನಾಬಿಗೇ.

ರಾಡ್ ಅಂಟಿದ್ದು ಯಾಕೆ? ಕ್ಲ್ಯಾಂಪ್ ಬಣ್ಣದ ಮೇಲೆ ಕೂತಿತ್ತು. ಬಣ್ಣದಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ನಾಬ್ 70 ಅಂದರೂ ಆರ್ಕ್ ಗಟ್ಟಿಯಾಗಿ ಹೊತ್ತಲಿಲ್ಲ. ಮೇಲಿಂದ ರಾಡ್ ಪುಣೆಯ ಮಳೆಗಾಲದ ತೇವ ಕುಡಿದಿದೆ. ಕ್ಲ್ಯಾಂಪ್ ಹಾಕುವ ಜಾಗ, ವೆಲ್ಡ್ ಮಾಡುವ ಜಾಗ ಎರಡನ್ನೂ ಬೆಳ್ಳಿಯಂತೆ ಹೊಳೆಯುವವರೆಗೆ ಗ್ರೈಂಡರಿನಿಂದ ಉಜ್ಜು. ಬಣ್ಣ, ತುಕ್ಕು, ಎಣ್ಣೆ ಏನೂ ಇರಬಾರದು.

ರಾಡನ್ನು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ತಾಸು ಒಣಗಿಸಿದರೆ ಸಾಕು. 6013ರ ಲೇಪಕ್ಕೆ ಸ್ವಲ್ಪ ತೇವ ಬೇಕೇ ಬೇಕು, ಹೆಚ್ಚು ಕಾಯಿಸಿದರೂ ಕೆಡುತ್ತದೆ. 300ರ ಮೇಲೆ ಕಾಯಿಸುವುದು 7018ಕ್ಕೆ, ಅದು ಬೇರೆ ಜಾತಿ, ನಿನ್ನ ಸ್ಟ್ಯಾಂಡಿಗೆ ಬೇಡ. ಅಡುಗೆ ಮಾಡುವ ಓವನ್ನಿನಲ್ಲಿ ಮಾತ್ರ ಇಡಬೇಡ. ಒಣಗಿಸಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡು. ಲೇಪ ಉದುರಿದ ರಾಡ್ ಎಸೆದುಬಿಡು.

ಇನ್ನು ತೂತು. 16 ಗೇಜ್ ಅಂದರೆ 1.6 ಮಿ.ಮೀ. ಅದರ ಅಂಚಿಗೆ 100 ಆಂಪಿಯರ್ ಕೊಟ್ಟರೆ, ಎದುರಿಗೆ 3 ಮಿ.ಮೀ. ಖಾಲಿ ಜಾಗ ಇದ್ದರೆ, ಶಾಖ ಎಲ್ಲಿಗೆ ಹೋಗಬೇಕು? ಅಂಚು ಕರಗಿ ಹಿಂದೆ ಸರಿಯುತ್ತದೆ. ನೀನು ತುಂಬಲು ಹೋದಷ್ಟೂ ಅದು ಓಡುತ್ತದೆ. ತೆಳು ಪೈಪಿನಲ್ಲಿ ಸಂದನ್ನು ರಾಡಿನಿಂದ ತುಂಬುವುದು ಎರಡನೇ ದಾರಿ. ಮೊದಲ ದಾರಿ ಫೈಲ್ (ಅರ) ಹಿಡಿದು ಸಂದು ಇಲ್ಲದಂತೆ ಮಾಡುವುದು. ಒಳ್ಳೆಯ ವೆಲ್ಡಿಂಗ್ ಮುಕ್ಕಾಲು ಪಾಲು ವೈಸಿನಲ್ಲೇ, ಅಂದರೆ ಪೈಪ್ ಬಿಗಿದು ಹಿಡಿಯುವ ಇಕ್ಕಳದಲ್ಲೇ, ಮುಗಿದಿರುತ್ತದೆ. ನಮ್ಮ ಹಳೆಯ ಮೇಸ್ತ್ರಿಗಳು ಜೋಡಣೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೆಳಕು ತೂರಿದರೆ ವಾಪಸ್ಸು. ಆಗ ಸಿಟ್ಟು ಬರುತ್ತಿತ್ತು. ಇವತ್ತು ಅವರ ಕಾಲಿಗೆ ನಮಸ್ಕಾರ ಮಾಡುತ್ತೇನೆ.

ನನ್ನ ಮಾತು ಕೇಳಿದರೆ 45 ಡಿಗ್ರಿ ಬಿಡು. 900ರ ಎರಡು ಪೈಪ್ ಉದ್ದಕ್ಕೆ, ಅವುಗಳ ನಡುವೆ 550ರ ಎರಡು ತುಂಡು. ಅಗಲ ತಾನೇ 600 ಆಗುತ್ತದೆ. ನೇರ ಕಟಿಂಗ್, ನೇರ ಫೈಲ್. ತೆರೆದ ತುದಿಗೆ ಪ್ಲಾಸ್ಟಿಕ್ ಕ್ಯಾಪ್ ಹೊಡೆ. ಪೈಪನ್ನು ವೈಸಿನಲ್ಲಿ ಬಿಗಿದು ಕತ್ತರಿಸು, ಕೈಯಲ್ಲಿ ಹಿಡಿದು ಅಲ್ಲ. ಗ್ರೈಂಡರಿನ ಗಾರ್ಡ್ ಯಾವತ್ತೂ ಬಿಚ್ಚಬೇಡ. 1.2 ಮಿ.ಮೀ.ಯ ಕಟಿಂಗ್ ಡಿಸ್ಕ್ ಪೈಪಿನಲ್ಲಿ ವಾಲಿ ಸಿಕ್ಕಿಕೊಂಡರೆ ಚೂರಾಗಿ ಹಾರುತ್ತದೆ.

ಸಾಧ್ಯವಾದರೆ 2 ಮಿ.ಮೀ. ರಾಡ್ ತಗೋ, 40ರಿಂದ 60 ಆಂಪಿಯರ್ ನಡುವೆ ಹಳೆಯ ತುಂಡಿನ ಮೇಲೆ ನೋಡಿಕೋ. ನಿಗಡಿಯಲ್ಲಿ ಸಿಗದಿದ್ದರೆ ಪುಣೆಯ ರವಿವಾರ ಪೇಠೆಯ ಹಾರ್ಡ್‌ವೇರ್ ಗಲ್ಲಿ ಬೋಹರಿ ಆಳಿಗೆ ಒಮ್ಮೆ ಹೋಗಿ ಬಾ, ಆ ಗಲ್ಲಿ ನೋಡುವುದೇ ಒಂದು ಖುಷಿ. ಹೋಲ್ಡರನ್ನು ಮೈನಸ್ಸಿಗೆ, ಅರ್ಥ್ ಕೇಬಲನ್ನು ಪ್ಲಸ್ಸಿಗೆ ಹಾಕು. ತೆಳುವಿಗೆ ಅದೇ ಒಳ್ಳೆಯದು. ರಾಡಿನ ತುದಿ ಪೈಪಿನಿಂದ ರಾಡಿನ ದಪ್ಪದಷ್ಟೇ ದೂರ ಇರಲಿ, ಜಾಸ್ತಿ ಬೇಡ. ಕಣ್ಣು ಬೆಳಕಿನ ಮೇಲಲ್ಲ, ಅದರ ಹಿಂದೆ ಕರಗಿ ಹೊಳೆಯುವ ಪಡಲ್ ಮೇಲೆ. ಪಡಲ್ ಒಮ್ಮೆಲೆ ಅಗಲವಾಗಿ ಜೋತುಬಿದ್ದಂತೆ ಕಂಡರೆ ರಾಡ್ ಎತ್ತಿಬಿಡು. ಮುಂದಿನ ಕ್ಷಣ ಅಲ್ಲಿ ತೂತು.

ಮೂಲೆ ಎದ್ದಿದ್ದು ನೀನು ಒಂದು ಮೂಲೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿದ್ದರಿಂದ, ಅಲ್ವಾ? ವೆಲ್ಡ್ ಆರುವಾಗ ಕುಗ್ಗಿ ತನ್ನ ಕಡೆಗೆ ಎಳೆಯುತ್ತದೆ. ಮೊದಲು ನಾಲ್ಕೂ ಮೂಲೆಗೆ ಸಣ್ಣ ಟಾಕಾ, ಅಂದರೆ ಹಿಡಿದಿಡುವಷ್ಟೇ ಚುಕ್ಕಿ ವೆಲ್ಡ್. ಆಮೇಲೆ ಎರಡೂ ಕರ್ಣ ಅಳೆ. 900 ಮತ್ತು 600ಕ್ಕೆ ಕರ್ಣ 1082 ಮಿ.ಮೀ. ಹತ್ತಿರ ಬರಬೇಕು, ಎರಡೂ ಸಮ ಇರಬೇಕು. ಹೆಚ್ಚುಕಡಿಮೆ ಇದ್ದರೆ ಟಾಕಾ ಇರುವಾಗಲೇ ತಟ್ಟಿ ಸರಿಮಾಡು. ಸರಿ ಬಂದ ಮೇಲೆ ಒಂದು ಮೂಲೆಗೆ ಒಂದು ಸಣ್ಣ ವೆಲ್ಡ್, ಆಮೇಲೆ ಎದುರು ಮೂಲೆಗೆ. ಆರಲು ಬಿಡು. ಟೈಲ್ಸ್ ಮೇಲೆ ಇಟ್ಟು ಮಾಡಬೇಡ, ಒಳಗಿನ ತೇವ ಕಾದು ಟೈಲ್ಸ್ ಸಿಡಿಯಬಹುದು.

ಕೊನೆಗೆ ಕಣ್ಣು. ಟ್ರೇನಿ ಇದ್ದಾಗ ಒಂದು ಟಾಕಾ ತಾನೇ ಅಂತ ಮಾಸ್ಕ್ ಇಲ್ಲದೆ ಹಾಕಿದ್ದೆ, ಒಂದಲ್ಲ, ಹತ್ತಾರು. ಸಂಜೆ ಏನೂ ಇಲ್ಲ. ರಾತ್ರಿ ಕಣ್ಣಲ್ಲಿ ಬಿಸಿ ಮರಳು ಸುರಿದಂತೆ. ಬೆಳಗಾಗುವವರೆಗೆ ನನ್ನ ತಾಯಿ ಒದ್ದೆ ಬಟ್ಟೆ ಇಡುತ್ತ ಕೂತಿದ್ದಳು. ನಿನ್ನ ಕೆಲಸಕ್ಕೆ ಮಾಸ್ಕಿನಲ್ಲಿ 10ನೇ ನಂಬರಿನ ಕಪ್ಪು ಗಾಜು ಸರಿ. ಟೆರೇಸಿಗೆ ಪಕ್ಕದ ಮನೆ ಮಕ್ಕಳು ಬರುತ್ತಾರಾ? ಹಾಗಿದ್ದರೆ ಸುತ್ತ ದಪ್ಪ ತಗಡು ಅಡ್ಡ ಇಡು.

ಡೊಂಬಿವಲಿ ವೈರ್‌ಮನ್:

ಫಿಟ್ಟರ್ ಅಣ್ಣ ಎಲ್ಲ ಹೇಳಿದ್ದಾರೆ. ನನ್ನದು ವೈರಿಂಗ್ ಮಾತು ಅಷ್ಟೇ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ಟಿಗೆ ಹಾಕಬೇಡಿ. 80ರಲ್ಲಿ ವೆಲ್ಡ್ ಮಾಡುವಾಗ ಮಷೀನು ಗೋಡೆಯಿಂದ 10 ಆಂಪಿಯರಿಗೂ ಜಾಸ್ತಿ ಎಳೆಯುತ್ತದೆ. 16 ಆಂಪಿಯರ್ ಸಾಕೆಟ್, ಕನಿಷ್ಠ 2.5 ಚದರ ಮಿ.ಮೀ. ತಾಮ್ರದ ಕೇಬಲ್ ಬೇಕು. ಎಕ್ಸ್‌ಟೆನ್ಶನ್ ಕೇಬಲ್ ಸುತ್ತಿದ್ದರೆ ಪೂರ್ತಿ ಬಿಚ್ಚಿ ಹರಡಿ. ಸುತ್ತಿದಲ್ಲೇ ಕಾದು ಪ್ಲಾಸ್ಟಿಕ್ ಕರಗಿದ್ದನ್ನು ನೋಡಿದ್ದೇನೆ. ಮತ್ತೆ ಟೆರೇಸ್ ಒದ್ದೆ ಇದ್ದರೆ ಆ ದಿನ ಕೆಲಸ ಬೇಡವೇ ಬೇಡ.

ವಾಸ್ಕೋ ಬೈನಾ:

ನಮ್ಮ ಗೋವಾದಲ್ಲಿ ಉಪ್ಪುಗಾಳಿ, ಎಲ್ಲರೂ ಜಿಐ (ಸತು ಲೇಪಿಸಿದ) ಪೈಪ್ ಹಾಕಿ ಅನ್ನುತ್ತಾರೆ. ನಿಮಗೂ ಯಾರಾದರೂ ಹೇಳಬಹುದು. ಜಿಐ ಹಾಕಿದರೆ ವೆಲ್ಡ್ ಮಾಡುವ ಜಾಗದ ಸತುವಿನ ಲೇಪ ಮೊದಲು ಗ್ರೈಂಡ್ ಮಾಡಿ ತೆಗೆಯಿರಿ. ಸತು 907 ಡಿಗ್ರಿಯಲ್ಲೇ ಕುದಿಯುತ್ತದೆ, ಕಬ್ಬಿಣ ಕರಗುವಷ್ಟರಲ್ಲಿ ಬಿಳಿ ಹೊಗೆಯಾಗಿ ಮೂಗಿಗೆ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಗೇಟ್ ಮಾಡಿ ಆ ರಾತ್ರಿ ನಡುಗಿ ಜ್ವರ ಬಂದಿತ್ತು ನನಗೆ. ಗಾಳಿ ಬೆನ್ನ ಹಿಂದಿನಿಂದಲ್ಲ, ಪಕ್ಕದಿಂದ ಬರುವಂತೆ ನಿಂತುಕೊಳ್ಳಿ.

ಇನ್ನೊಂದು, ಪೈಪನ್ನು ಎಲ್ಲ ಕಡೆ ಮುಚ್ಚಿ ವೆಲ್ಡ್ ಮಾಡುವುದಾದರೆ ಕೆಳಮುಖವಾಗಿ 3 ಮಿ.ಮೀ. ತೂತು ಬಿಡಿ. ಇಲ್ಲದಿದ್ದರೆ ಒಳಗಿನ ಗಾಳಿ ಕಾದು ಕೊನೆಯ ವೆಲ್ಡನ್ನು ಒಡೆದು ಹೊರಗೆ ಬರುತ್ತದೆ. ಒಳಗೆ ಸೇರಿದ ನೀರೂ ಅಲ್ಲಿಂದ ಇಳಿಯುತ್ತದೆ.

ನಿಗಡಿ ಟೆರೇಸ್:

ಕಾಕಾ, ಭಾನುವಾರ ಮಳೆ ಬಿಡುವು ಕೊಟ್ಟಿತು. ಹಳೆಯ ಫ್ರೇಮ್ ಬಿಟ್ಟೆ, ಹೊಸ ಪೈಪ್ ತಂದೆ. 550ರ ತುಂಡುಗಳಿಗೆ ಫೈಲ್ ಹಿಡಿದೇ ಎರಡು ತಾಸು ಕಳೆಯಿತು. ಬೆಳಕಿಗೆ ಹಿಡಿದು ನೋಡಿದೆ, ಒಂದು ಮೂಲೆ ಮೂರು ಸಲ ವಾಪಸ್ಸು ಬಂತು. 2 ಮಿ.ಮೀ. ರಾಡ್, 52 ಆಂಪಿಯರ್. ಒಂದು ಸಲವೂ ಅಂಟಲಿಲ್ಲ! ಕರ್ಣ ಒಂದು 1082, ಇನ್ನೊಂದು 1083. ಚಿಪ್ಪಿಂಗ್ ಹ್ಯಾಮರಿನಿಂದ ತಟ್ಟಿದಾಗ ವೆಲ್ಡ್ ಮೇಲೆ ಕಟ್ಟುವ ಸ್ಲ್ಯಾಗ್ ಪದರ ಉದ್ದಕ್ಕೆ ಸಿಪ್ಪೆಯಂತೆ ಎದ್ದು ಬಂತು. ಅಮ್ಮನನ್ನು ಕರೆದು ತೋರಿಸಿದೆ.

ಈಗ ಟೆರೇಸಿನ ಇಳಿಜಾರಿಗೆ ಕಾಲುಗಳ ಕೆಳಗೆ ಎಂ8 (8 ಮಿ.ಮೀ.) ಬೋಲ್ಟ್ ಹಾಕಿ ಮಟ್ಟ ಮಾಡಬೇಕು. 6 ಮಿ.ಮೀ. ಪಟ್ಟಿಗೆ ತೂತು ಹಾಕಿ ಟ್ಯಾಪ್ ಹೊಡೆಯಬೇಕು, ಅಂದರೆ ತೂತಿನೊಳಗೆ ಬೋಲ್ಟಿನ ಸುರುಳಿ ಕೊರೆಯಬೇಕು. 8ರ ಡ್ರಿಲ್ ಹಾಕಲೇ?

ಭೋಸರಿ ಫಿಟ್ಟರ್:

ಶಾಬಾಸ್ ಮಗನೇ. ಆ ಮೂರು ಸಲ ವಾಪಸ್ಸು ಬಂದ ಮೂಲೆಯ ಫೋಟೋ ಹಾಕು, ನೋಡಬೇಕು.

8ರ ಡ್ರಿಲ್ ಬೇಡ, ಆಟೆ (ಬೋಲ್ಟ್ ಹಿಡಿಯುವ ಸುರುಳಿ) ಉಳಿಯುವುದೇ ಇಲ್ಲ. ಎಂ8ರ ಒಂದು ಆಟೆಯಿಂದ ಇನ್ನೊಂದಕ್ಕೆ 1.25 ಮಿ.ಮೀ., ಅದನ್ನು 8ರಲ್ಲಿ ಕಳೆ, ಹಾಗಾಗಿ 6.8ರ ಡ್ರಿಲ್. ಮೊದಲು ಸೆಂಟರ್ ಪಂಚ್. ಡ್ರಿಲ್ಲನ್ನು ನಿಧಾನ ತಿರುಗಿಸು, ಒತ್ತಿ ಹಿಡಿ. ಟ್ಯಾಪಿಗೆ ಎಣ್ಣೆ ಹಾಕು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಬಿಗಿ ಅನ್ನಿಸಿದರೆ ಬಲ ಹಾಕಬೇಡ, ಬಿಚ್ಚಿ ಚೂರು ತೆಗೆ. ಮುರಿದ ಟ್ಯಾಪ್ ಹೊರಗೆ ತೆಗೆಯುವುದಕ್ಕಿಂತ ಹೊಸ ಪಟ್ಟಿ ಕತ್ತರಿಸುವುದೇ ಬೇಗ ಆಗುತ್ತದೆ. ಪಟ್ಟಿಯನ್ನು ಕಾಲಿಗೆ ವೆಲ್ಡ್ ಮಾಡಿದ ಮೇಲೆ ಟ್ಯಾಪ್ ಹೊಡೆ, ಮೊದಲೇ ಹೊಡೆದರೆ ಆಟೆಯೊಳಗೆ ಕಿಡಿ ಅಂಟುತ್ತದೆ. ಕಾಲು ಪೈಪ್ ಟೊಳ್ಳು ತಾನೇ, ಬೋಲ್ಟ್ ಮೇಲೆ ಹೋಗಲು ಜಾಗ ಇದೆ.