ಹನ್ನೊಂದನೇ ಡೆಸ್ಕ್‌ಟಾಪ್

ಸೀನ: ಸರ್ವರ್ ಬಂತು, ಸ್ಟೋರೇಜ್ ಬಂತು, ಲೈಸೆನ್ಸೂ ಬಂತು. ಸೋಮವಾರದೊಳಗೆ 200 ವರ್ಚುವಲ್ ಡೆಸ್ಕ್‌ಟಾಪ್ (ಸರ್ವರ್ ಒಳಗೇ ಓಡುವ ಕಂಪ್ಯೂಟರ್) ಎದ್ದು ನಿಲ್ಲಬೇಕು ಅಂತ ಮ್ಯಾನೇಜರ್ ಅಪ್ಪಣೆ. ಹತ್ತು ಮಷೀನು ಡೊಮೇನ್‌ಗೆ, ಅಂದರೆ ಆಫೀಸಿನ ಕಂಪ್ಯೂಟರ್ ಬಳಗಕ್ಕೆ, ಸೇರಿದವು. ಹನ್ನೊಂದನೆಯದು ಜಪ್ಪಯ್ಯ ಅಂದರೂ ಸೇರುತ್ತಿಲ್ಲ.

ಮೂರ್ತಿ: ಸೇರಿಸುತ್ತಿರುವ ಅಕೌಂಟ್ ಯಾವುದು?

ಸೀನ: ಹೊಸದು. ಸಾಮಾನ್ಯ ಯೂಸರ್.

ಮೂರ್ತಿ: ಮತ್ತೆ! ಆಕ್ಟಿವ್ ಡೈರೆಕ್ಟರಿ ಅಂದರೆ ಡೊಮೇನಿನ ಯೂಸರ್, ಕಂಪ್ಯೂಟರ್‌ಗಳ ದಾಖಲೆ ಪುಸ್ತಕ. ಅದರಲ್ಲಿ ಸಾಮಾನ್ಯ ಯೂಸರ್‌ಗೆ 10 ಕಂಪ್ಯೂಟರ್ ಕೋಟಾ. ಯಾರೂ ಬದಲಾಯಿಸದಿದ್ದರೆ ಅಷ್ಟೇ.

ಸೀನ: ಹಾಗಾದರೆ ಆ ಅಕೌಂಟನ್ನು ಎಲ್ಲ ಅಧಿಕಾರವಿರುವ ಡೊಮೇನ್ ಅಡ್ಮಿನ್ ಮಾಡಿಬಿಡುತ್ತೇನೆ. ತಲೆನೋವೇ ಇಲ್ಲ.

ಮೂರ್ತಿ: ಮಾಡು. ಆಡಿಟ್‌ನವರು ಬರುವ ದಿನ ನಾನು ರಜೆ. ಅಯ್ಯಾ, ಈ ಡೆಸ್ಕ್‌ಟಾಪ್‌ಗಳಿಗೇ ಅಂತ ಒಂದು ಓಯು (ಡೈರೆಕ್ಟರಿಯೊಳಗಿನ ಪ್ರತ್ಯೇಕ ವಿಭಾಗ) ಮಾಡಿಸು. ಅದರೊಳಗೆ ಮಾತ್ರ ಕಂಪ್ಯೂಟರ್ ಸೇರಿಸುವ, ಅಳಿಸುವ, ಪಾಸ್‌ವರ್ಡ್ ರೀಸೆಟ್ ಮಾಡುವ ಅಧಿಕಾರ ಆ ಅಕೌಂಟಿಗೆ ಕೊಡಿಸು. ಸಾಕು.

ಪಮ್ಮಿ: ಸೇರಿದ ಹತ್ತು ಈಗ ಎಲ್ಲಿವೆ?

ಸೀನ: ‘ಕಂಪ್ಯೂಟರ್ಸ್’ ಅಂತ ಒಂದು ಫೋಲ್ಡರ್ ಇದೆಯಲ್ಲ, ಅಲ್ಲಿ.

ಪಮ್ಮಿ: ಅದು ಓಯು ಅಲ್ಲ ಮಾರಾಯ, ಬರೀ ಕಂಟೇನರ್. ಅದಕ್ಕೆ ಗ್ರೂಪ್ ಪಾಲಿಸಿ, ಅಂದರೆ ಎಲ್ಲರಿಗೂ ಒಟ್ಟಿಗೆ ಹಾಕುವ ನಿಯಮ, ಲಿಂಕ್ ಮಾಡಲು ಬರುವುದೇ ಇಲ್ಲ. ಹೆಸರು ಏನಿಟ್ಟಿದ್ದೀಯ?

ಸೀನ: ಈ ಹತ್ತಕ್ಕೆ ಸುಮ್ನೆ ಟೆಸ್ಟ್-1, ಟೆಸ್ಟ್-2. ಮುಂದಿನವಕ್ಕೆ ‘ಬೆಂಗಳೂರು-ಅಕೌಂಟ್ಸ್-001’.

ಪಮ್ಮಿ: ವಿಂಡೋಸ್ ಬಳಸುವ ಚಿಕ್ಕ ಹೆಸರಿಗೆ, ಅಂದರೆ ನೆಟ್‌ಬಯೋಸ್ ಹೆಸರಿಗೆ, 15 ಅಕ್ಷರವೇ ಮಿತಿ. ಇಂಗ್ಲಿಷ್‌ನಲ್ಲಿ ಎಣಿಸು. ‘ಅಕೌ’ ಹತ್ತಿರವೇ ಕತ್ತರಿ ಬೀಳುತ್ತದೆ. ಉಳಿದ 190ಕ್ಕೂ ಒಂದೇ ಹೆಸರು!

ಸೀನ: ಪಾಲಿಸಿಯಾದರೂ ಸರಿಯಿದೆ. ಯೂಸರ್‌ಗಳಿಗೆ ಕಂಟ್ರೋಲ್ ಪ್ಯಾನೆಲ್ ಮುಚ್ಚಿದ್ದೇನೆ. ಓಯುಗೆ ಲಿಂಕ್ ಮಾಡಿದರೆ ಆಯಿತು, ಅಲ್ವಾ?

ಮೂರ್ತಿ: ಎಲ್ಲಿ ಆಯಿತು? ಆ ಓಯುನಲ್ಲಿರುವುದು ಮಷೀನು. ಯೂಸರ್ ಇರುವುದು ಬೇರೆ ಕಡೆ, ಅವರ ಪಾಲಿಸಿ ಅಲ್ಲಿಂದಲೇ ಬರುತ್ತದೆ. ಮಷೀನಿನ ಓಯುನಲ್ಲಿರುವ ಯೂಸರ್ ಪಾಲಿಸಿಯೂ ತಗಲುವ ಹಾಗೆ ಲೂಪ್‌ಬ್ಯಾಕ್ ಆನ್ ಮಾಡಬೇಕು. ಮರ್ಜ್ ಅಂದರೆ ಎರಡೂ ಸೇರುತ್ತವೆ, ಜಗಳ ಬಂದರೆ ಮಷೀನ್ ಕಡೆಯದು ಗೆಲ್ಲುತ್ತದೆ. ರಿಪ್ಲೇಸ್ ಅಂದರೆ ಯೂಸರ್ ಕಡೆಯದು ಲೆಕ್ಕಕ್ಕೇ ಇಲ್ಲ.

ಪಮ್ಮಿ: ಅಜ್ಜಿ ಮನೆ ಇದ್ದ ಹಾಗೆ. ಹೊರಗೆ ನೀನು ಜನರಲ್ ಮ್ಯಾನೇಜರ್ ಆಗಿರು, ಒಳಗೆ ಬರಬೇಕಾದರೆ ಕಾಲು ತೊಳೆಯಲೇಬೇಕು.

ಸೀನ: ನಮ್ಮದು ದಿನಾ ರಾತ್ರಿ ರೀಬೂಟ್ ಆಗಿ ಮೊದಲಿನ ಸ್ಥಿತಿಗೆ ಬರುತ್ತದೆ. ಅದಾದರೂ ಒಳ್ಳೆಯದು ಅನ್ನಿ.

ಮೂರ್ತಿ: ಒಂದು ತಿಂಗಳು ಒಳ್ಳೆಯದು. ಮಷೀನಿಗೂ ಡೊಮೇನಿನಲ್ಲಿ ಪಾಸ್‌ವರ್ಡ್ ಇರುತ್ತದೆ. 30 ದಿನಕ್ಕೊಮ್ಮೆ ಅದು ತಾನೇ ಬದಲಾಯಿಸಿಕೊಳ್ಳುತ್ತದೆ. ರೀಬೂಟ್‌ನಲ್ಲಿ ಡಿಸ್ಕ್ ಹಿಂದಕ್ಕೆ ಹೋಯಿತಾ, ಮಷೀನಿಗೆ ಹಳೆಯದೇ ನೆನಪು, ಡೈರೆಕ್ಟರಿಯಲ್ಲಿ ಹೊಸದು. ಬೆಳಿಗ್ಗೆ ಸ್ಕ್ರೀನ್ ಮೇಲೆ ‘ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ಡ್’.

ಪಮ್ಮಿ: ಎಚ್‌ಆರ್‌ನವರು ಓದಿದರೆ ಇಬ್ಬರನ್ನೂ ಕೌನ್ಸೆಲಿಂಗ್‌ಗೆ ಕರೆಯುತ್ತಾರೆ.

ಮೂರ್ತಿ: ಆ ಪಾಸ್‌ವರ್ಡ್ ಉಸಾಬರಿಯನ್ನು ಡೆಸ್ಕ್‌ಟಾಪ್ ಸಾಫ್ಟ್‌ವೇರಿಗೇ ಬಿಡು. ಅದಕ್ಕೆ ಬರದಿದ್ದರೆ ಪಾಲಿಸಿಯಲ್ಲಿ ಬದಲಾವಣೆ ನಿಲ್ಲಿಸು. ಗಡಿಯಾರವನ್ನೂ ನೋಡಿಕೋ. 5 ನಿಮಿಷಕ್ಕಿಂತ ಜಾಸ್ತಿ ಹೆಚ್ಚುಕಮ್ಮಿಯಾದರೆ ಲಾಗಿನ್ ಪರೀಕ್ಷಿಸುವ ಕರ್ಬೆರೋಸ್ ಒಳಗೇ ಬಿಡುವುದಿಲ್ಲ. ಅಂದಹಾಗೆ ಓಯು ಬೇಕು ಅಂತ ಡೈರೆಕ್ಟರಿ ಟೀಮಿಗೆ ಟಿಕೆಟ್ ಹಾಕಿದ್ದೀಯಾ?

ಸೀನ: ಹೋದ ತಿಂಗಳೇ ಹಾಕಿದ್ದೆ.

ಮೂರ್ತಿ: ಏನಂದರು?

ಸೀನ: ‘ಯಾಕೆ ಬೇಕು, ದಯವಿಟ್ಟು ತಿಳಿಸಿ’ ಅಂತ ಬರೆದು ಟಿಕೆಟ್ ಕ್ಲೋಸ್ ಮಾಡಿದರು.