ಅಪ್‌ಡೇಟ್: ಕಿವಿ ಮೇಲ್ಗಡೆ ಚುಚ್ಚಿಸಿದ ಜಾಗದ ಗುಳ್ಳೆ ಕೊನೆಗೂ ಇಳೀತು
ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ಕಿವಿ ಮೇಲ್ಗಡೆ ಗಟ್ಟಿ ಭಾಗದಲ್ಲಿ ಚುಚ್ಚಿಸಿ ನಾಲ್ಕು ತಿಂಗಳಾದ್ರೂ ಪಕ್ಕದಲ್ಲಿರೋ ಕೆಂಪು ಗುಳ್ಳೆ ಹೋಗ್ತಿಲ್ಲ ಅಂತ, ಈಗ ಹತ್ರತ್ರ ಪೂರ್ತಿ ಇಳಿದಿದೆ, ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಟೀ ಟ್ರೀ ಆಯಿಲ್ ನಂಗೆ ಆಗ್ಲಿಲ್ಲ, ಚರ್ಮ ಒಣಗಿ ಸಿಪ್ಪೆ ಎದ್ದು ಉರಿ ಜಾಸ್ತಿ ಆಯ್ತು, ಎರಡೇ ದಿನಕ್ಕೆ ಬಿಟ್ಟೆ. ಹೈಡ್ರೋಜನ್ ಪೆರಾಕ್ಸೈಡ್ ಅಂತೂ ಹಚ್ಲೇಬೇಡಿ, ಹೊಸದಾಗಿ ಬರ್ತಿರೋ ಚರ್ಮಾನೂ ಹಾಳು ಮಾಡತ್ತೆ.

ನಿಜವಾಗ್ಲೂ ಕೆಲಸ ಮಾಡಿದ್ದು "ತೂತಿಗೆ ಹಾಕಿರೋ ಓಲೆಯ ಕಡ್ಡಿ ಉದ್ದ ಎಷ್ಟಿದೆ ನೋಡ್ಸಿ" ಅಂದವರ ಸಲಹೆ. ಊತ ಬರತ್ತೆ ಅಂತ ಮೊದ್ಲು ಉದ್ದದ್ದೇ ಹಾಕಿರ್ತಾರಂತೆ, ಊತ ಇಳಿದ್ಮೇಲೆ ಗಿಡ್ಡದ್ದು ಹಾಕಿಸ್ಬೇಕು, ಇದು ನಂಗೆ ಗೊತ್ತೇ ಇರ್ಲಿಲ್ಲ! ಉದ್ದ ಕಡ್ಡಿ ಕೂದಲಿಗೆ, ದಿಂಬಿಗೆ ಸಿಕ್ಕಿ ಅಲ್ಲಾಡ್ತಾನೇ ಇತ್ತು, ಅದಕ್ಕೇ ಗುಳ್ಳೆ. ಚುಚ್ಚಿದವರ ಹತ್ರಾನೇ ಹೋಗಿ ಇಂಪ್ಲಾಂಟ್ ದರ್ಜೆಯ (ಅಂದ್ರೆ ದೇಹದೊಳಗೆ ಇಡೋಕೆ ಬಳಸೋ ಗುಣಮಟ್ಟದ) ಟೈಟಾನಿಯಂ ಗಿಡ್ಡ ಕಡ್ಡಿ ಹಾಕಿಸ್ಕೊಂಡೆ, ದಿನಕ್ಕೆರಡು ಸಲ 0.9% ಸ್ಟೆರೈಲ್ ಸಲೈನ್ (ಕ್ರಿಮಿರಹಿತ ಉಪ್ಪುನೀರು) ಸ್ಪ್ರೇ, ಆ ಕಡೆ ಮಲಗೋದು ಬಂದ್, ತಿರುಗಿಸೋದೂ ಬಂದ್. ಹತ್ತನೇ ದಿನಕ್ಕೆ ವ್ಯತ್ಯಾಸ ಕಾಣ್ತು.

ಒಳಗೆ ಪೂರ್ತಿ ಮಾಯೋಕೆ 6ರಿಂದ 12 ತಿಂಗಳು ಬೇಕಂತೆ, ಹಾಗಾಗಿ ಸ್ಪ್ರೇ ಇನ್ನೂ ನಿಲ್ಲಿಸಿಲ್ಲ. ಕೀವು, ಜ್ವರ, ಕಿವಿಯೆಲ್ಲ ಬಿಸಿಯಾಗಿ ಊದೋದು ಇದ್ರೆ ಮಾತ್ರ ಕಾಯ್ಬೇಡಿ, ಸೀದಾ ಡಾಕ್ಟ್ರಿಗೆ ತೋರ್ಸಿ.