ದಿನಾ ಸೊಂಟದಾಗ ಇಟ್ಕೊಳ್ಳಾಕ .32 ರಿವಾಲ್ವರೋ, ಪಿಸ್ತೂಲೋ?

ಕಾರಟಗಿ ಸೋನಾಮಸೂರಿ:
ಡಿಸಿ ಆಫೀಸಿಂದ ಲೈಸೆನ್ಸ್ ಕೈಗೆ ಬಂದೈತ್ರಿ. .32 ಬೋರ್, ರಿವಾಲ್ವರ್ ಅಥವಾ ಪಿಸ್ತೂಲ್, ಯಾವ್ದಾದ್ರೂ ಒಂದು. ರೈಸ್ ಮಿಲ್ ವ್ಯವಹಾರ, ಸುಗ್ಗಿ ಹಂಗಾಮಿನ್ಯಾಗ ನಗದು ಹಿಡ್ಕೊಂಡು ಗಂಗಾವತಿ, ಕಾರಟಗಿ, ಸಿಂಧನೂರು ಓಡಾಟ. ಬೈಕೇ ಜಾಸ್ತಿ. ಬಿಳಿ ಅಂಗಿ, ಒಳಗಿಂದು ಹೊರಗ ಕಾಣಬಾರದು. ಮಿಲ್ಲಿನ್ಯಾಗ ತೌಡಿನ ಧೂಳು ಅಂದ್ರ ಕೇಳಬ್ಯಾಡ್ರಿ. ನಿರ್ಭೀಕ್, ಪ್ರಬಲ್ ಅನ್ನೋ ರಿವಾಲ್ವರ್, ಅಶನಿ ಅನ್ನೋ ಪಿಸ್ತೂಲ್, ಮೂರೂ ತಲ್ಯಾಗ ಅದಾವ. ಹೊತ್ತಿಗೆ ಕೈಕೊಡದಂಥಾದ್ದು ಯಾವ್ದು?

ಬಳ್ಳಾರಿ ಕೋಟೆ ಕೆಳಗೆ:
ಬೈಕು, ಧೂಳು, ವರ್ಷಕ್ಕೆ ಹಾರಿಸೋದು ಬೆರಳೆಣಿಕೆ ಗುಂಡು ಅಂದ್ರೆ ರಿವಾಲ್ವರ್ ತಗೊಳ್ಳಿ. ಕೈಕೊಡೋದು ಆಯುಧಕ್ಕಿಂತ ಗುಂಡೇ ಜಾಸ್ತಿ. ಗುಂಡಿನ ಬುಡದ ಕ್ಯಾಪ್ ಸಿಡೀಲಿಲ್ಲ ಅಂತಿಟ್ಕೊಳ್ಳಿ, ರಿವಾಲ್ವರಲ್ಲಿ ಇನ್ನೊಂದ್ಸಲ ಟ್ರಿಗರ್ ಎಳೆದ್ರೆ ಸಿಲಿಂಡರಿನ ಮುಂದಿನ ಮನೆ (ಗುಂಡು ಕೂರೋ ತೂತು) ತಿರುಗಿ ಬರುತ್ತೆ. ಪಿಸ್ತೂಲಲ್ಲಿ ಸ್ಲೈಡ್ (ಮೇಲಿನ ಜಾರೋ ಭಾಗ) ಹಿಂದಕ್ಕೆ ಎಳೆದು ಕೆಟ್ಟದ್ದನ್ನ ಹೊರಗೆ ಹಾಕ್ಬೇಕು, ಎರಡು ಕೈ ಬೇಕು. (ಇದು ಜೀವಕ್ಕೆ ಬಂದಾಗಿನ ಮಾತು. ಅಭ್ಯಾಸದಲ್ಲಿ ಸಿಡೀದಿದ್ರೆ ನಳಿಗೆಯ ಬಾಯಿ ಗುರಿ ಕಡೆಗೇ ಇಟ್ಟು 30 ಸೆಕೆಂಡ್ ಕಾಯಬೇಕು, ತಡವಾಗಿ ಸಿಡಿಯೋದುಂಟು.)

ನಿರ್ಭೀಕ್ 2014ರದ್ದು, ಟೈಟಾನಿಯಂ ಮಿಶ್ರಲೋಹ, ಸುಮಾರು 500 ಗ್ರಾಂ, ನಡು ಮಡಚಿ ಗುಂಡು ಹಾಕೋದು. ಪ್ರಬಲ್ 2023ರದ್ದು, ಗುಂಡಿಲ್ಲದೆ 700 ಗ್ರಾಂ, ನಳಿಗೆ 76 ಮಿ.ಮೀ., ಸಿಲಿಂಡರ್ ಪಕ್ಕಕ್ಕೆ ತೆರೀತದೆ. ಕಾಗದದ ಮೇಲೆ 200 ಗ್ರಾಂ ಏನೂ ಅಲ್ಲ, ಮೇ ತಿಂಗಳ ಬಿಸಿಲಲ್ಲಿ ಸಂಜೆವರೆಗೆ ಸೊಂಟದಲ್ಲಿದ್ರೆ ಗೊತ್ತಾಗುತ್ತೆ.

ಹೆಸರು ನೋಡಿ ತಗೊಳ್ಬೇಡಿ, ಕೈಗೆ ಕೊಟ್ಟ ಆ ಒಂದು ಪೀಸ್ ನೋಡಿ. ಖಾಲಿ ಇದೆ ಅಂತ ಎರಡು ಸಲ ಖಾತ್ರಿ ಮಾಡ್ಕೊಂಡು, ಅಂಗಡಿಯವರನ್ನ ಕೇಳಿ, ಹ್ಯಾಮರ್ (ಹಿಂದಿನ ಬಡಿಯೋ ಕೊಕ್ಕೆ) ನಿಧಾನಕ್ಕೆ ಹಿಂದೆ ಎಳೀರಿ. ಹ್ಯಾಮರ್ ಹಿಂದೆ ಕೂರೋದ್ರೊಳಗೆ ಸಿಲಿಂಡರ್ ಟಕ್ ಅಂತ ಲಾಕ್ ಆಗಿರ್ಬೇಕು, ಆರೂ ಮನೆಗೆ ಹೀಗೆ. ಒಂದು ಮನೆ ತಡವಾದ್ರೂ ಗುಂಡು ನಳಿಗೆಯ ಹಿಂಬದಿ ಅಂಚಿಗೆ ತಾಗಿ ಸೀಸ ಪಕ್ಕಕ್ಕೆ ಸಿಡೀತದೆ. ಆಮೇಲೆ ಟ್ರಿಗರ್ ಒತ್ತಿ ಹಿಡಿದೇ ಸಿಲಿಂಡರ್ ಅಲ್ಲಾಡಿಸಿ. ಕೂದಲೆಳೆ ಆಡಿದ್ರೆ ಸರಿ, ಲಟಲಟ ಅಂದ್ರೆ ವಾಪಸ್ ಕೊಡಿ. ಮಡಚೋ ಮಾದರಿ ಆದ್ರೆ ನಳಿಗೆ ಒಂದು ಕೈಲಿ, ಹಿಡಿ ಒಂದು ಕೈಲಿ ಹಿಡಿದು ಕೀಲು ಸಡಿಲ ಇದೆಯಾ ನೋಡಿ. ಪಕ್ಕಕ್ಕೆ ತೆರೆಯೋದ್ರಲ್ಲಿ ಬೇರೆ ಕಾಟ: ಖಾಲಿ ಕೇಸು ಎತ್ತೋ ನಕ್ಷತ್ರದಾಕಾರದ ತಟ್ಟೆಯ ಅಡಿಗೆ ಸುಡದ ಮದ್ದಿನ ಕಾಳು ಸಿಕ್ಕಿದ್ರೆ ಸಿಲಿಂಡರ್ ಮುಚ್ಚಲ್ಲ. ಹಳೇ ಟೂತ್‌ಬ್ರಷ್ ಸಾಕು.

ರಾಯಚೂರು ಹತ್ತಿ:
ಪಿಸ್ತೂಲ್ ಅಷ್ಟು ಹಗುರ ಮಾಡಬ್ಯಾಡ್ರಿ. ಚಪ್ಪಟ ಇರ್ತದ, ಬಿಳಿ ಅಂಗಿ ಒಳಗ ಸಿಲಿಂಡರಿನಂಗ ಉಬ್ಬಿ ಕಾಣಂಗಿಲ್ಲ. ಆದ್ರ ಜ್ವಾಕಿ ಬೇಕು. ಪಿಸ್ತೂಲಿನ .32 ಗುಂಡಿನ ಬುಡದಾಗ ಸಣ್ಣ ಅಂಚು ಅದ. ಮ್ಯಾಗಜಿನ್ (ಗುಂಡಿನ ಡಬ್ಬಿ) ತುಂಬುವಾಗ ಮ್ಯಾಲಿನ ಗುಂಡಿನ ಅಂಚು ಕೆಳಗಿಂದರ ಅಂಚಿನ ಮುಂದ ಕೂಡಬೇಕು. ಹಿಂದ ಕುಂತ್ರ ಎರಡೂ ಒಂದಕ್ಕೊಂದು ಸಿಕ್ಕಿ ಮುಂದ ಸರಿಯಂಗಿಲ್ಲ, ಸ್ಲೈಡ್ ಎಷ್ಟು ಎಳದ್ರೂ ಬಿಡಂಗಿಲ್ಲ, ಮ್ಯಾಗಜಿನ್ ಹೊರಗ ತಗೀಬೇಕಾಗ್ತದ. ಇನ್ನೊಂದು, ಮಣಿಕಟ್ಟು ಸಡಿಲ ಬಿಟ್ಟು ಹೊಡದ್ರ ಸ್ಲೈಡ್ ಪೂರಾ ಹಿಂದ ಹೋಗಂಗಿಲ್ಲ, ಖಾಲಿ ಕೇಸು ಹೊರಗ ಬೀಳೂ ಬಾಯಾಗ ಸಿಗ್ತದ. ಮ್ಯಾಗಜಿನ್ ಎರಡು ಇಟ್ಕೊಂಡು 1, 2 ಅಂತ ಬಣ್ಣದಾಗ ಬರೀರಿ. ಅಡಚಣೆ ಯಾವಾಗ್ಲೂ ಒಂದರಾಗೇ ಬಂದ್ರ ಅದರ ತುಟಿ (ಮ್ಯಾಲಿನ ಬಾಯಿ ಅಂಚು) ಬಗ್ಗೇದ ಅಂತ ತಿಳೀರಿ.

ಗುಂಡು ತರುವಾಗ ಬರೇ 'ಥರ್ಟಿಟೂ' ಅನಬ್ಯಾಡ್ರಿ. ರಿವಾಲ್ವರಿಂದು 7.65×23 ಮಿ.ಮೀ., ಪಿಸ್ತೂಲಿಂದು 7.65×17 ಮಿ.ಮೀ. ಗಿಡ್ಡಂದು ರಿವಾಲ್ವರ್ ಮನ್ಯಾಗ ಹೊಗ್ತದ, ಆದ್ರ ಅದು ಅಲ್ಲಿಂದಲ್ಲ, ಹೊಡೀಬ್ಯಾಡ್ರಿ.

ಕಾರಟಗಿ ಸೋನಾಮಸೂರಿ:
ಪಿಸ್ತೂಲಿನ ಕಿರಿಕಿರಿ ಬ್ಯಾಡ ಬಿಡ್ರಿ, ರಿವಾಲ್ವರೇ. ಆರೂ ಮನಿ ತುಂಬಬೇಕೋ ಐದೋ? ಎಣ್ಣಿ ಎಷ್ಟು ದಿನಕ್ಕೊಮ್ಮೆ?

ಬಳ್ಳಾರಿ ಕೋಟೆ ಕೆಳಗೆ:
ಖಾಲಿ ರಿವಾಲ್ವರಲ್ಲಿ ಟ್ರಿಗರ್ ಪೂರ್ತಿ ಬಿಟ್ಟು, ಹ್ಯಾಮರನ್ನ ಹಿಂದಿನಿಂದ ಬೆರಳಲ್ಲಿ ಒತ್ತಿ, ಪಕ್ಕದಿಂದ ನೋಡಿ. ಕ್ಯಾಪಿಗೆ ಬಡಿಯೋ ಪಿನ್ನಿನ ತುದಿ ಸಿಲಿಂಡರ್ ಕಡೆಗೆ ಇಣುಕಿದ್ರೆ ಕೆಳಗೆ ಬಿದ್ದಾಗ ಸಿಡಿಯೋ ಜಾತಿ ಅದು. ಐದೇ ತುಂಬಿ, ಹ್ಯಾಮರ್ ಅಡಿಗಿನ ಮನೆ ಖಾಲಿ ಇರ್ಲಿ. ಪಿನ್ನು ತಡೆದು ನಿಂತ್ರೆ ಆರು. ಬೈಕಿಂದ ಬೀಳೋದು ದೊಡ್ಡ ಮಾತೇನಲ್ಲ, ಇದನ್ನ ಹಗುರ ತಗೊಳ್ಬೇಡಿ.

ಎಣ್ಣೆ ದಿನಾ, ಆದ್ರೆ ಹನಿ ಲೆಕ್ಕ. ಬೆವರಿನ ಉಪ್ಪು ಒಂದೇ ರಾತ್ರೀಲಿ ಚುಕ್ಕೆ ತುಕ್ಕು ಎಬ್ಬಿಸುತ್ತೆ. ಸಂಜೆ ಬಿಚ್ಚಿದ ಕೂಡ್ಲೇ ಎರಡು ಹನಿ ಹಚ್ಚಿದ ಬಟ್ಟೇಲಿ ಹೊರಮೈ ಒರೆಸಿ. ಒಳಗೆ ಸುರಿದ್ರೆ ತೌಡು ಸೇರಿ ಹಿಟ್ಟು ಕಲಸಿದಂಗಾಗುತ್ತೆ. (ಸಂಡೂರು ಕಡೆಯವರಿಗೆ ತೌಡಲ್ಲ, ಕೆಂಪು ಅದಿರಿನ ಧೂಳು. ಅದು ಉಪ್ಪುಕಾಗದದಂತೆ ಉಜ್ಜುತ್ತೆ.) ಗುಂಡಿನ ಮನೆ ಮಾತ್ರ ಒಣಗಿರ್ಬೇಕು, ಎಣ್ಣೆ ಕ್ಯಾಪಿಗೆ ಇಳಿದ್ರೆ ಗುಂಡು ಸತ್ತಂಗೆ. ಸೊಂಟದಲ್ಲಿ ವರ್ಷ ಕಳೆದ ಆರು ಗುಂಡನ್ನ ರೇಂಜಲ್ಲಿ ಹಾರಿಸಿ ಮುಗಿಸಿ, ಹೊಸದು ತುಂಬಿ. ರಾತ್ರಿ ಚರ್ಮದ ಹೋಲ್‌ಸ್ಟರಲ್ಲೇ ಬಿಟ್ಟು ಬೀರುವಿಗೆ ಹಾಕ್ಬೇಡಿ, ಚರ್ಮ ತೇವ ಹಿಡಿಯುತ್ತೆ.

ಕೊಪ್ಪಳ ಗವಿಮಠ ರಸ್ತೆ:
ಆಯುಧದ ಮಾತು ಮುಗೀತಲ್ರಿ, ಕಾಗದದ ಮಾತು ಉಳಿದೈತಿ. ಲೈಸೆನ್ಸಿನ ವ್ಯಾಪ್ತಿ ಕಾಲಂ ಓದ್ರಿ. ಬರೇ ಕೊಪ್ಪಳ ಜಿಲ್ಲಾ ಅಂತ ಇದ್ರ ಕಾರಟಗಿ ದಾಟಿ ಸಿಂಧನೂರಿಗೆ ಒಯ್ಯಾಕ ಬರಂಗಿಲ್ಲ, ಅದು ರಾಯಚೂರು ಜಿಲ್ಲಾ. ಮೊದ್ಲು ವ್ಯಾಪ್ತಿ ಹೆಚ್ಚಿಸಾಕ ಅರ್ಜಿ ಹಾಕ್ರಿ.

2016ರ ಆಯುಧ ನಿಯಮದ ಪ್ರಕಾರ ಜನರ ನಡುವೆ ಒಯ್ಯುವಾಗ ಹೋಲ್‌ಸ್ಟರಿನ್ಯಾಗ ಇರ್ಬೇಕು, ಪೂರ್ತಿ ಮುಚ್ಚಿರ್ಬೇಕು. ಪ್ಯಾಂಟಿನ ಜೇಬು, ಬೈಕಿನ ಡಿಕ್ಕಿ ಎರಡೂ ಬ್ಯಾಡ. ಟ್ರಿಗರ್ ಪೂರಾ ಮುಚ್ಚೋ ಹೋಲ್‌ಸ್ಟರ್, ದಪ್ಪ ಬೆಲ್ಟು. ಪಂಚೆ ಉಡೋ ದಿನ ಮನ್ಯಾಗ ಲಾಕರಿನ್ಯಾಗ ಇಡ್ರಿ. ಮದುವಿ, ಜಾತ್ರ್ಯಾಗ ಗಾಳಿಗೆ ಹೊಡದ್ರ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದ ತನಕ ಜೈಲು, ಇಲ್ಲಾ ಲಕ್ಷದ ತನಕ ದಂಡ, ಇಲ್ಲಾ ಎರಡೂ.

ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ನಡೆಸ್ತಾರ, ವಿಚಾರಿಸ್ರಿ. ಇಲೆಕ್ಷನ್ ಬಂದಾಗ ಠಾಣೆಗೆ ಜಮಾ ಮಾಡಂದ್ರ ರಸೀತಿ ಮ್ಯಾಲೆ ಆಯುಧದ ನಂಬರು, ಗುಂಡಿನ ಲೆಕ್ಕ ಎರಡೂ ಬರಸ್ಕೊಳ್ರಿ. ಕೊಡೂ ಮುಂಚೆ ಎಣ್ಣಿ ಬಟ್ಟಿ ಒರಸ್ರಿ, ತಿಂಗಳುಗಟ್ಲೆ ಅಲ್ಲೇ ಇರ್ತೈತಿ.